ಮಲ್ಲಸಮುದ್ರದ ಕಾಲಜ್ಞಾನಿಗಳು

ಗದಗಿನಿಂದ ಮುಳಗುಂದದ ಹಾದಿ ಹಿಡಿದವರಿಗೆ ಮಲ್ಲಸಮುದ್ರವೆಂಬ ಊರು ಸಿಕ್ಕುತ್ತದೆ. ಇಂದಿನವರು ಅದನ್ನು ವೈದ್ಯಕೀಯ ವಿದ್ಯಾಲಯದಿಂದ ಗುರುತಿಸುವರು. ಆದರೆ 1841ರ ಸುಮಾರಿಗೆ ಈ ಹಳ್ಳಿಯ ಹೆಸರು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಬಲು ಆಸೆಯಿಂದ ಉಚ್ಚರಿಸಲ್ಪಡುತ್ತಿದ್ದಿತು.

ಕಂಪನಿ ಸರಕಾರದ 1833ರ ಸನದು ಇಂಗ್ಲಿಷರಲ್ಲದ ಪಾದ್ರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಮಿಶನ್ನು ಘಟ್ಟ ಹತ್ತಿ ಬಯಲುಸೀಮೆಗೆ ಬಂದಿತು.

ಇಲ್ಲಿ ಅವರಿಗೊಂದು ಅಚ್ಚರಿ ಕಾದಿದ್ದಿತು. ಕಾಲಜ್ಞಾನದ ವಚನಗಳನ್ನು ನಂಬಿ, ಬರಲಿರುವ ಗುರುವಿನ ದಾರಿ ಕಾಯುತ್ತಿದ್ದ ಒಂದು ಪಂಥದ ಜನ ತಾವಾಗಿಯೇ ಪಾದ್ರಿಗಳನ್ನು ಹುಡುಕಿಕೊಂಡು ಬಂದರು. ಕೊಡೇಕಲ್ಲ ಬಸವಣ್ಣನ ಕಾಲದಿಂದಲೂ ನಮ್ಮ ಸೀಮೆಯಲ್ಲಿ ಕಾಲಜ್ಞಾನಕ್ಕೆ ಕಿವಿಗೊಡುವವರು ಕಡಿಮೆಯಿಲ್ಲ. ಊರೂರೇ ಸಭೆಗೆ ಸೇರುವುದೆಂದು ಪಾದ್ರಿಗಳು ಹಿಗ್ಗಿದರು. ಅವರಿಗಾಗಿ ಮಲ್ಲಸಮುದ್ರದಲ್ಲಿ ಒಕ್ಕಲುತನದ ವಸಾಹತೊಂದನ್ನು ಹೂಡಿದರು.

ಭೂಮಿಯ ಆಸೆ ತೋರಿಸಿದರೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಕಾಲವನ್ನೂ ನೋಡಬೇಕಲ್ಲವೆ? ಮತ ಬಿಟ್ಟವನಿಗೆ ಪಿತ್ರಾರ್ಜಿತದ ಹಕ್ಕನ್ನು ದೇಶಕ್ಕೆಲ್ಲ ಉಳಿಸಿಕೊಟ್ಟ ಕಾಯಿದೆ ಬಂದುದು 1850ರಲ್ಲಿ. ಅದಕ್ಕೆ ಮೊದಲು ದೀಕ್ಷಾಸ್ನಾನ ಪಡೆದ ಒಕ್ಕಲಿಗನು ಹೊಲ, ಮನೆ, ಬಾವಿಯ ನೀರು ಎಲ್ಲದಕ್ಕೂ ಎರವಾಗುವ ಭಯವಿದ್ದಿತು. ಅಂಥವನಿಗೆ ಬೋಧೆಯೊಡನೆ ನೇಗಿಲೂ ಬೇಕಾಗಿದ್ದಿತು.

ಎಣಿಸಿದ ಜನ ಬರಲಿಲ್ಲ. ಬಾಸೆಲಿನವರು ಜಾತಿಯ ವಿಷಯದಲ್ಲಿ ಕಟ್ಟುನಿಟ್ಟು. ಜಾತಿ ಬಿಟ್ಟು ಬಂದವರಿಗೇ ದೀಕ್ಷೆ. ಕಾಲಜ್ಞಾನಿಗಳು ಗುರುವನ್ನು ಕಾಯುತ್ತಿದ್ದರೇ ಹೊರತು ಕುಲ ಬಿಡುವ ದಿನವನ್ನು ಕಾಯುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ಎರಡು ಕಡೆಯವರೂ ಒಬ್ಬರ ಮಾತನ್ನು ಒಬ್ಬರು ತಮಗೆ ಬೇಕಾದ ಅರ್ಥದಲ್ಲಿ ಕೇಳಿಸಿಕೊಂಡರು! ವಸಾಹತಿನ ಕನಸು ಕರಗಿತು. ಉಳಿದುದು ಬೆಟಗೇರಿಯ ಆಸರೆಯಲ್ಲಿದ್ದ ಚಿಕ್ಕದೊಂದು ಸಭೆ.

ಬೆಟಗೇರಿಯಲ್ಲಿ ಮಾತ್ರ ಕೆಲಸ ಬೇರೂರಿತು. ಮಗ್ಗಗಳ ಆ ಊರಿನಲ್ಲಿ ಶಾಲೆ ನಡೆಯಿತು. ಮುಂದೆ ಆಸ್ಪತ್ರೆಯೂ ಬಂದಿತು. ಜನರ ಬಾಯಲ್ಲಿ ಅದು ‘ಜರ್ಮನ್ ದವಾಖಾನೆ’. 1914ರ ಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಸೆರೆಯಾದಾಗ ಸಭೆಗಳ ಭಾರ ಊರವರ ಹೆಗಲಿಗೇ ಬಿದ್ದಿತು. ಇಂದು ಈ ಸಭೆಗಳು 1970ರಲ್ಲಿ ಏರ್ಪಟ್ಟ, ಧಾರವಾಡವು ಕೇಂದ್ರವಾಗಿರುವ ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಸಭಾಪ್ರಾಂತಕ್ಕೆ ಸೇರಿವೆ.

ಸುಗ್ಗಿಯ ಆರಾಧನೆಯನ್ನು ಈ ಕಡೆಯ ಸಭೆಗಳಲ್ಲಿ ನೋಡಬೇಕು. ಜೋಳದ ತೆನೆ, ಮೆಣಸಿನಕಾಯಿ, ಕುಂಬಳ, ಕೋಳಿ ಎಲ್ಲವೂ ವೇದಿಕೆಯ ಮುಂದೆ ಬರುತ್ತವೆ. ಕೀರ್ತನೆಗಳ ರಾಗ ಎಷ್ಟೋ ವೇಳೆ ಜರ್ಮನಿಯದು, ಮಾತು ಕನ್ನಡದ್ದು. ಆರಾಧನೆ ಮುಗಿದೊಡನೆ ಸವಾಲು ಆರಂಭ. ಹತ್ತು ರೂಪಾಯಿಯ ಕುಂಬಳಕಾಯಿಗೆ ನೂರು ಕೂಗಿದವನು ಅದನ್ನು ಮತ್ತೆ ಸಭೆಗೇ ಕೊಡುತ್ತಾನೆ. ಸವಾಲು ಮತ್ತೆ ಮೊದಲಾಗುತ್ತದೆ.