ಎಡ್ಮಂಡ್ ರಾಸ್ ಅವರ ಮತ: ನಿರ್ಣಾಯಕತೆಯ ಮರುಪರಿಶೀಲನೆ

ಕಾನ್ಸಾಸ್‌ನ ಸೆನೆಟರ್ ಎಡ್ಮಂಡ್ ಜಿ. ರಾಸ್ (1826–1907) ಪತ್ರಿಕಾ ಸಂಪಾದಕರಾಗಿ, ಅಂತರ್ಯುದ್ಧದಲ್ಲಿ ಒಕ್ಕೂಟ ಸೇನೆಯ ಅಧಿಕಾರಿಯಾಗಿ ದುಡಿದು, 1866ರಲ್ಲಿ ಸೆನೆಟ್ ಪ್ರವೇಶಿಸಿದವರು. ಯುದ್ಧಮಂತ್ರಿ ಸ್ಟ್ಯಾಂಟನ್ ಅವರನ್ನು ವಜಾಗೊಳಿಸಿದ್ದಕ್ಕಾಗಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅವರ ಮೇಲೆ ಪ್ರತಿನಿಧಿ ಸಭೆಯು 1868ರ ಫೆಬ್ರುವರಿ 24ರಂದು ಮಹಾಭಿಯೋಗವನ್ನು, ಅಂದರೆ ಪದಚ್ಯುತಿ ಕೋರುವ ದೋಷಾರೋಪವನ್ನು, ಹೊರಿಸಿತು. ಮೇ 16ರಂದು ಸೆನೆಟ್ಟಿನಲ್ಲಿ 35–19 ಮತಗಳು ಬಿದ್ದು, ಮೂರನೇ ಎರಡು ಬಹುಮತಕ್ಕೆ ಒಂದೇ ಮತ ಕಡಿಮೆಯಾಗಿ ಜಾನ್ಸನ್ ಪಾರಾದರು. ಇಷ್ಟರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯವಿರುವುದು ಆ ಮತದ ಅರ್ಥದ ಬಗ್ಗೆ. ಜಾನ್ ಎಫ್. ಕೆನಡಿ ಅವರು 1956ರ ‘ಪ್ರೊಫೈಲ್ಸ್ ಇನ್ ಕರೇಜ್’ ಕೃತಿಯಲ್ಲಿ ರಾಸ್ ಅವರನ್ನು ಆತ್ಮಸಾಕ್ಷಿಗಾಗಿ ರಾಜಕೀಯ ಭವಿಷ್ಯವನ್ನೇ ಒತ್ತೆಯಿಟ್ಟ ಧೀರರೆಂದು ಚಿತ್ರಿಸಿದರೆ, ಮತದಾನದ ಬಳಿಕ ತಮ್ಮವರಿಗೆ ಹುದ್ದೆ ಕೊಡಿಸಲು ಅವರು ಅಧ್ಯಕ್ಷರಿಗೆ ಬರೆದ ಪತ್ರಗಳನ್ನು ಮುಂದಿಟ್ಟು ಡೇವಿಡ್ ಒ. ಸ್ಟೂವರ್ಟ್ ಮೊದಲಾದವರು ಈ ಚಿತ್ರವನ್ನು ಪ್ರಶ್ನಿಸಿದ್ದಾರೆ.

ಎರಡೂ ವಾದಗಳು ರಾಸ್ ಅವರ ಮತವೇ ನಿರ್ಣಾಯಕವೆಂಬ ಗ್ರಹಿಕೆಯನ್ನು ಪರೀಕ್ಷಿಸದೆ ಒಪ್ಪಿಕೊಂಡಂತಿದೆ. 54 ಸದಸ್ಯರ ಸದನದಲ್ಲಿ ಖುಲಾಸೆಗೆ 19 ಮತಗಳು ಬೇಕಿದ್ದವು. ಅಧ್ಯಕ್ಷರ ಪರವಾಗಿದ್ದ ಹನ್ನೆರಡು ಮಂದಿಗೆ ಏಳು ರಿಪಬ್ಲಿಕನ್ನರು ಸೇರಿದ್ದರಿಂದ ಆ ಸಂಖ್ಯೆ ತುಂಬಿತು, ಆ ಏಳರಲ್ಲಿ ಯಾವುದೊಂದು ಕಳಚಿದ್ದರೂ ಫಲಿತಾಂಶ ತಲೆಕೆಳಗಾಗುತ್ತಿತ್ತು. ಹೆಸರು ಕರೆದದ್ದು ಅಕ್ಷರಾನುಕ್ರಮದಲ್ಲಿ. ಫೆಸೆಂಡೆನ್, ಫೌಲರ್, ಗ್ರೈಮ್ಸ್, ಹೆಂಡರ್ಸನ್ ಅವರ ನಂತರ ರಾಸ್ ಅವರ ಸರದಿ ಬಂದಿತು, ಟ್ರಂಬುಲ್ ಮತ್ತು ವ್ಯಾನ್ ವಿಂಕಲ್ ಇನ್ನೂ ಉಳಿದಿದ್ದರು. ರಾಸ್ ಅವರ ನಿಲುವು ಕೊನೆಯವರೆಗೂ ಗುಟ್ಟಾಗಿದ್ದುದರಿಂದಲೇ ಎಲ್ಲರ ಕಣ್ಣು ಅವರ ಮೇಲೆ ನೆಟ್ಟಿತೇ ಹೊರತು, ಅವರ ಮತಕ್ಕೆ ಉಳಿದ ಆರಕ್ಕಿಂತ ಹೆಚ್ಚಿನ ತೂಕವೇನೂ ಇರಲಿಲ್ಲ.

ಹುದ್ದೆ ಕೋರಿದ ಪತ್ರಗಳಿಂದ ಮತ ಮಾರಾಟವಾಯಿತೆಂದು ತೀರ್ಮಾನಿಸುವುದೂ ಅವಸರದ ಮಾತಾದೀತು. ಆ ಪತ್ರಗಳು ಮತದಾನದ ನಂತರದವು. ಋಣವನ್ನು ವಸೂಲು ಮಾಡಿಕೊಳ್ಳಲು ಯತ್ನಿಸಿದ್ದನ್ನು ಅವು ತೋರಿಸುತ್ತವೆಯೇ ವಿನಾ ಮುಂಚಿನ ಕರಾರನ್ನಲ್ಲ. ಲಂಚದ ಸುಳಿವಿಗಾಗಿ ಪ್ರತಿನಿಧಿ ಸಭೆಯ ಸದಸ್ಯ ಬೆಂಜಮಿನ್ ಬಟ್ಲರ್ ನಡೆಸಿದ ತನಿಖೆಯೂ ರಾಸ್ ಅವರ ವಿರುದ್ಧ ಖಚಿತ ಸಾಕ್ಷ್ಯವನ್ನು ಹೊರತರಲಿಲ್ಲ. ಆದರೂ ಸಾಕ್ಷ್ಯ ಸಿಗದಿರುವುದು ನಿರ್ದೋಷಿತ್ವಕ್ಕೆ ಪ್ರಮಾಣವಲ್ಲ. ಹುದ್ದೆ ಹಂಚಿಕೆ ಆ ಕಾಲದ ರಾಜಕಾರಣದ ದಿನನಿತ್ಯದ ವ್ಯವಹಾರವಾಗಿತ್ತೆಂಬುದು ರಾಸ್ ಅವರ ನಡೆಯನ್ನು ವಿವರಿಸೀತು, ಸಮರ್ಥಿಸಲಾರದು. ಆದ್ದರಿಂದ, ಲಭ್ಯ ಆಧಾರಗಳ ಮಿತಿಯಲ್ಲಿ, ಆತ್ಮಸಾಕ್ಷಿ ಮತ್ತು ಸ್ವಹಿತ ಆ ಮತದಲ್ಲಿ ಬೆರೆತಿದ್ದವೆಂದು ಹೇಳುವುದೇ ಹೆಚ್ಚು ಸಂಭಾವ್ಯವೆನಿಸುತ್ತದೆ.

ಅವುಗಳ ಪ್ರಮಾಣವೆಷ್ಟೆಂಬ ಪ್ರಶ್ನೆ ಇನ್ನೂ ತೆರೆದೇ ಇದೆ. 1871ರಲ್ಲಿ ಸೆನೆಟ್ಟಿನಿಂದ ನಿರ್ಗಮಿಸಿದ ರಾಸ್, ಮುಂದೆ ಡೆಮಾಕ್ರಟಿಕ್ ಪಕ್ಷ ಸೇರಿ, 1885ರಿಂದ 1889ರವರೆಗೆ ನ್ಯೂ ಮೆಕ್ಸಿಕೊ ಪ್ರಾಂತದ ಗವರ್ನರ್ ಆಗಿದ್ದರು. 1896ರಲ್ಲಿ ಆ ಮಹಾಭಿಯೋಗದ ಚರಿತ್ರೆಯನ್ನು ತಾವೇ ಬರೆದು ಪ್ರಕಟಿಸಿದರು.