ಬಾಣವನ್ನು ಒಯ್ಯುವುದು ಯಾವುದು?

ಹೆದೆಯ ಸಂಪರ್ಕ ತಪ್ಪಿದ ಮೇಲೂ ಬಾಣ ಮುಂದಕ್ಕೆ ಹೋಗುತ್ತದೆಯಲ್ಲ, ಅದನ್ನು ಒಯ್ಯುವುದು ಯಾವುದು? ಚಲಿಸುವ ವಸ್ತುವನ್ನು ಮತ್ತೊಂದು ಮುಟ್ಟಿ ನೂಕುತ್ತಲೇ ಇರಬೇಕೆಂದು ನಂಬಿದ್ದ ಗ್ರೀಸಿನ ಅರಿಸ್ಟಾಟಲನು, ಆ ಕೆಲಸವನ್ನು ಗಾಳಿಗೆ ಒಪ್ಪಿಸಿದನು. ಕ್ರಿ.ಶ. 6ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೊಪೊನಸನು ಇದನ್ನು ಅಲ್ಲಗಳೆದು, ಎಸೆದವನು ವಸ್ತುವಿಗೇ ಒಂದು ಶಕ್ತಿಯನ್ನು ಕೊಟ್ಟಿರುತ್ತಾನೆ ಎಂದನು.

ಅವನಿಗಿಂತ ಮುಂಚೆಯೇ ನಮ್ಮ ವೈಶೇಷಿಕರು ಕಾರಣವನ್ನು ಬಾಣದಲ್ಲೇ ಹುಡುಕಿದ್ದರು. ಕಣಾದನ ಸೂತ್ರಗಳ ಪ್ರಕಾರ ಬಾಣದ ಮೊದಲ ಚಲನೆ ನೋದನದಿಂದ, ಎಂದರೆ ನೂಕಿನಿಂದ. ಮುಂದಿನ ಚಲನೆ ಅದು ಹುಟ್ಟಿಸಿದ ಸಂಸ್ಕಾರದಿಂದ. ಸಂಸ್ಕಾರ ತೀರಿತೆಂದರೆ ಗುರುತ್ವದಿಂದ ಪತನ. ಭಾಷ್ಯಕಾರ ಪ್ರಶಸ್ತಪಾದನು ಈ ಬಗೆಯ ಸಂಸ್ಕಾರಕ್ಕೆ ವೇಗವೆಂದು ಹೆಸರಿಟ್ಟನು. ರಾಜಾಜಿನಗರದ ಬಸ್ಸು ಥಟ್ಟನೆ ನಿಂತಾಗ ಮುಂದಿನವರ ಬೆನ್ನಿಗೆ ಹೋಗಿ ಬೀಳುವ ನಮಗೆ ಈ ವೇಗವನ್ನು ನಂಬುವುದು ಕಷ್ಟವಲ್ಲ.

ಕನ್ನಡನಾಡಿನ ಜೈನ ಆಚಾರ್ಯರು ಕೇಳಿದ ಪ್ರಶ್ನೆಯೇ ಬೇರೆ. ಜೈನೇಂದ್ರ ವ್ಯಾಕರಣದ ಕರ್ತೃವೆಂದು ನಾವು ಬಲ್ಲ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನೂ ಬರೆದರು. ಬಾಣವನ್ನು ನೂಕಿದವರು ಯಾರೆಂಬುದಲ್ಲ, ಚಲನೆಯೆಂಬುದು ಸಾಧ್ಯವಾಗುವುದಾದರೂ ಹೇಗೆ ಎಂಬುದು ಅಲ್ಲಿಯ ಚರ್ಚೆ. ಚಲನೆಗೆ ಆಸರೆಯಾದ ದ್ರವ್ಯ ಧರ್ಮ, ನಿಲುಗಡೆಗೆ ಆಸರೆಯಾದದ್ದು ಅಧರ್ಮ. ಪುಣ್ಯಪಾಪಗಳ ಸೋಂಕು ಈ ಮಾತುಗಳಿಗೆ ಇಲ್ಲಿಲ್ಲ. ಮೀನು ಈಜುವುದಕ್ಕೆ ನೀರು ಹೇಗೋ ಹಾಗೆ ಧರ್ಮ; ಕುದುರೆ ನಿಲ್ಲುವುದಕ್ಕೆ ನೆಲ ಹೇಗೋ ಹಾಗೆ ಅಧರ್ಮ. ನೀರು ಮೀನನ್ನು ತಳ್ಳುವುದಿಲ್ಲ. ನೀರಿಲ್ಲದೆ ಮೀನು ಈಜಲಾರದು. ನೆಲೆನಿಲ್ಲುವುದಕ್ಕೂ ಒಂದು ಆಸರೆ ಬೇಕೆಂದು ಎಣಿಸಿದ್ದು ನನಗಂತೂ ಬಹಳ ಸೂಕ್ಷ್ಮವಾದ ಆಲೋಚನೆಯೆಂದು ತೋರುತ್ತದೆ.

ನ್ಯೂಟನ್ 1687ರಲ್ಲಿ ಪ್ರಕಟಿಸಿದ್ದೆಲ್ಲ ಕಣಾದನಲ್ಲೇ ಇತ್ತೆಂದು ಅಭಿಮಾನದಿಂದ ಹೇಳುವವರಿದ್ದಾರೆ. ಹಾಗೆ ಹೇಳಿದರೆ ಕಣಾದನನ್ನು ಓದುವ ಅಗತ್ಯವೇ ಉಳಿಯುವುದಿಲ್ಲ. ನ್ಯೂಟನ್ನನ ಪ್ರಕಾರ ಸಮವೇಗದಿಂದ ನೇರವಾಗಿ ಸಾಗುವ ವಸ್ತು ಹಾಗೆಯೇ ಸಾಗಲು ಯಾವ ಬಲವೂ ಬೇಡ. ವೈಶೇಷಿಕರಿಗೆ ಸಾಗುವುದಕ್ಕೂ ಕಾರಣ ಬೇಕು, ವೇಗವೇ ಆ ಕಾರಣ. ಇಂದಿನ ಶಾಲೆಯ ಪುಸ್ತಕದಲ್ಲಿ ವೇಗವೆಂಬುದು ಒಂದು ಅಳತೆ. ಗುರುತ್ವವೆಂದರೆ ಭೂಮಿಯ ಸೆಳೆತ. ಪ್ರಶಸ್ತಪಾದನ ಗುರುತ್ವವಾದರೋ ಪೃಥ್ವಿ ಮತ್ತು ಜಲ ಎಂಬ ಎರಡು ದ್ರವ್ಯಗಳಲ್ಲಿರುವ ಗುಣ. ಕಲ್ಲು ಬೀಳುವುದು ತನ್ನ ಗುಣದಿಂದಲೇ. ಕೆಳಗಿನಿಂದ ಅದನ್ನು ಯಾರೂ ಎಳೆಯುತ್ತಿಲ್ಲ.