ತೂಕ ಇಳಿಕೆಯಲ್ಲಿ ಬೃಹತ್ ಪೋಷಕಾಂಶಗಳ ಸಮತೋಲನ

ತೂಕ ಇಳಿಕೆಯಲ್ಲಿ ಬೃಹತ್ ಪೋಷಕಾಂಶಗಳ ಸಮತೋಲನ ಎಂದರೆ ದಿನದ ಒಟ್ಟು ಕ್ಯಾಲೊರಿಯನ್ನು ತಗ್ಗಿಸುವಾಗ ಆಹಾರದಲ್ಲಿನ ಪ್ರೋಟೀನ್, ಕೊಬ್ಬು ಮತ್ತು ಕಾರ್ಬೋಹೈಡ್ರೇಟ್‌ಗಳ ಪ್ರಮಾಣವನ್ನು ದೇಹದ ಅಗತ್ಯಕ್ಕೆ ಹೊಂದಿಸಿಕೊಳ್ಳುವ ಕ್ರಮ. ಸೇವಿಸಿದ ಶಕ್ತಿಯು ವ್ಯಯವಾದ ಶಕ್ತಿಗಿಂತ ಕಡಿಮೆಯಾದಾಗ ತೂಕ ಇಳಿಯುತ್ತದೆ. ಇಳಿದ ತೂಕದಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂಬುದು ಬಹುಮಟ್ಟಿಗೆ ಪ್ರೋಟೀನ್ ಸೇವನೆ ಹಾಗೂ ದೈಹಿಕ ಶ್ರಮವನ್ನು ಅವಲಂಬಿಸಿದೆ. ಜೋಳ, ತೊಗರಿ, ಶೇಂಗಾ ಬಳಕೆಯಲ್ಲಿರುವ ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಊಟದ ಮೂಲಕ ಈ ಲೆಕ್ಕವನ್ನು ಇಲ್ಲಿ ವಿವರಿಸಲಾಗಿದೆ.

ಶಕ್ತಿಮೌಲ್ಯ

ಒಂದು ಗ್ರಾಂ ಪ್ರೋಟೀನ್ ಮತ್ತು ಒಂದು ಗ್ರಾಂ ಕಾರ್ಬೋಹೈಡ್ರೇಟ್ ತಲಾ ಸುಮಾರು 4 ಕಿಲೋಕ್ಯಾಲೊರಿ ಶಕ್ತಿ ನೀಡಿದರೆ, ಒಂದು ಗ್ರಾಂ ಕೊಬ್ಬು ಸುಮಾರು 9 ಕಿಲೋಕ್ಯಾಲೊರಿ ನೀಡುತ್ತದೆ. ಈ ಗುಣಕಗಳು ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಅಟ್‌ವಾಟರ್ ಅವರ ಪ್ರಯೋಗಗಳಿಂದ ಬಂದವು. ದಿನಬಳಕೆಯಲ್ಲಿ ‘ಕ್ಯಾಲೊರಿ’ ಎನ್ನುವುದು ಕಿಲೋಕ್ಯಾಲೊರಿಯನ್ನೇ.

ಶೇಕಡಾವಾರು ಲೆಕ್ಕದ ತೊಡಕು

ಪೋಷಕಾಂಶಗಳ ಗುರಿಯನ್ನು ಒಟ್ಟು ಕ್ಯಾಲೊರಿಯ ಶೇಕಡಾ ಪಾಲಿನಲ್ಲಿ ಹೇಳುವುದು ರೂಢಿ. ಆದರೆ ಕ್ಯಾಲೊರಿ ಕಡಿಮೆ ಮಾಡಿದಾಗ ಅದೇ ಪಾಲು ಕಡಿಮೆ ಗ್ರಾಂಗಳನ್ನು ಕೊಡುತ್ತದೆ. ದಿನಕ್ಕೆ 2,200 ಕ್ಯಾಲೊರಿ ಸೇವಿಸುವ 70 ಕಿಲೋ ತೂಕದ ವ್ಯಕ್ತಿಗೆ ಪ್ರೋಟೀನ್‌ನಿಂದ ಶೇ. 12ರಷ್ಟು ಶಕ್ತಿ ದೊರೆತರೆ ಅದು 66 ಗ್ರಾಂ ಪ್ರೋಟೀನ್ ಆಗುತ್ತದೆ. ಊಟವನ್ನು 1,700 ಕ್ಯಾಲೊರಿಗೆ ಇಳಿಸಿ ಪಾಲನ್ನು ಹಾಗೆಯೇ ಉಳಿಸಿಕೊಂಡರೆ ದೊರೆಯುವುದು 51 ಗ್ರಾಂ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿದ ಪ್ರಮಾಣ ದೇಹದ ಪ್ರತಿ ಕಿಲೋಗೆ 0.83 ಗ್ರಾಂ, ಇದರಂತೆ ಆ ವ್ಯಕ್ತಿಗೆ 58 ಗ್ರಾಂ ಬೇಕು. ತಟ್ಟೆಯನ್ನು ಚಿಕ್ಕದು ಮಾಡಿದಷ್ಟಕ್ಕೇ ಪ್ರೋಟೀನ್ ಕೊರತೆ ಉಂಟಾಗಬಹುದು ಎಂಬುದನ್ನು ಇದು ತೋರಿಸುತ್ತದೆ.

ಗುರಿ ನಿಗದಿಯ ಕ್ರಮ

ಈ ಕಾರಣದಿಂದ ಗುರಿಗಳನ್ನು ಕೆಳಗಿನ ಅನುಕ್ರಮದಲ್ಲಿ ನಿಗದಿಪಡಿಸುವುದು ಸೂಕ್ತ.

1. ಒಟ್ಟು ಕ್ಯಾಲೊರಿ: ತೂಕ ಸ್ಥಿರವಾಗಿರುವಾಗಿನ ಸೇವನೆಗಿಂತ ಸುಮಾರು 500 ಕಡಿಮೆ. ಮೇಲಿನ ವ್ಯಕ್ತಿಗೆ 1,700.
2. ಪ್ರೋಟೀನ್: ಗ್ರಾಂ ಲೆಕ್ಕದಲ್ಲಿ. ತೂಕ ಇಳಿಸುವಾಗ ಪ್ರತಿ ಕಿಲೋಗೆ 1 ಗ್ರಾಂ ಅಥವಾ ತುಸು ಹೆಚ್ಚು ಇಟ್ಟುಕೊಳ್ಳುವುದುಂಟು. 70 ಗ್ರಾಂ, ಅಂದರೆ 280 ಕ್ಯಾಲೊರಿ.
3. ಕೊಬ್ಬು: ಒಟ್ಟು ಶಕ್ತಿಯ ಸುಮಾರು ಶೇ. 25. 47 ಗ್ರಾಂ, ಅಂದರೆ 425 ಕ್ಯಾಲೊರಿ.
4. ಕಾರ್ಬೋಹೈಡ್ರೇಟ್: ಉಳಿದ 995 ಕ್ಯಾಲೊರಿ, ಅಂದರೆ ಸುಮಾರು 249 ಗ್ರಾಂ.

ಯಾದಗಿರಿ ಭಾಗದ ಆಹಾರ

ಜೋಳದ ರೊಟ್ಟಿ, ತೊಗರಿ ಬೇಳೆ, ಕಾಳು ಪಲ್ಯ, ಪುಂಡಿ ಪಲ್ಯ, ಶೇಂಗಾ ಹಿಂಡಿ ಮತ್ತು ಮಜ್ಜಿಗೆ ಈ ಭಾಗದ ರೂಢಿಯ ಊಟ. ನಾರಾಯಣಪುರ ಅಣೆಕಟ್ಟೆಯ ಎಡದಂಡೆ ಕಾಲುವೆಯ ನೀರು ಹರಿಯುವ ಸುರಪುರ ಮತ್ತು ಶಹಾಪುರ ಪ್ರದೇಶದಲ್ಲಿ ಭತ್ತವನ್ನೂ ಬೆಳೆಯಲಾಗುತ್ತದೆ.

ನೂರು ಗ್ರಾಂ ಜೋಳದಲ್ಲಿ ಸುಮಾರು 330 ಕ್ಯಾಲೊರಿ, 10 ಗ್ರಾಂ ಪ್ರೋಟೀನ್ ಮತ್ತು 10 ಗ್ರಾಂ ನಾರಿನಂಶ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರಿನಂಶ ಇದಕ್ಕಿಂತ ಬಹಳ ಕಡಿಮೆ. ತೊಗರಿ ಬೇಳೆಯ ಶಕ್ತಿಮೌಲ್ಯ ಜೋಳದಷ್ಟೇ ಆದರೂ ಅದರಲ್ಲಿ ಪ್ರೋಟೀನ್ ಸುಮಾರು 22 ಗ್ರಾಂ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಮೈನೋ ಆಮ್ಲವು ಬೇಳೆಯಲ್ಲಿ ಸಾಕಷ್ಟಿರುವುದರಿಂದ ಇವೆರಡೂ ಪರಸ್ಪರ ಪೂರಕ. ಶೇಂಗಾದಲ್ಲಿ 24 ಗ್ರಾಂ ಪ್ರೋಟೀನ್ ಜೊತೆಗೆ 40 ಗ್ರಾಂ ಕೊಬ್ಬು, 520 ಕ್ಯಾಲೊರಿ ಇದೆ. ಆದ್ದರಿಂದ ಪ್ರೋಟೀನ್‌ಗಾಗಿ ಶೇಂಗಾವನ್ನೇ ನೆಚ್ಚಿಕೊಂಡರೆ ಕ್ಯಾಲೊರಿ ಮಿತಿ ಬೇಗ ದಾಟುತ್ತದೆ.

ಒಂದು ದಿನದ ಮಾದರಿ (ಅಂದಾಜು, ಬೇಯಿಸುವ ಮೊದಲಿನ ತೂಕ)

| ಆಹಾರ | ಪ್ರಮಾಣ | ಕ್ಯಾಲೊರಿ | ಪ್ರೋಟೀನ್ (ಗ್ರಾಂ) |
|---|---|---|---|
| ಜೋಳದ ಹಿಟ್ಟು | 200 ಗ್ರಾಂ | 668 | 20 |
| ತೊಗರಿ ಬೇಳೆ | 75 ಗ್ರಾಂ | 248 | 16 |
| ಮೊಸರು | 300 ಗ್ರಾಂ | 180 | 9 |
| ಮೊಟ್ಟೆ | 2 | 140 | 13 |
| ಶೇಂಗಾ | 30 ಗ್ರಾಂ | 156 | 7 |
| ಸೊಪ್ಪು, ತರಕಾರಿ | 300 ಗ್ರಾಂ | 100 | 5 |
| ಅಡುಗೆ ಎಣ್ಣೆ | 10 ಗ್ರಾಂ | 90 | 0 |
| ಒಟ್ಟು | | 1,582 | 70 |

ಉಳಿದ ನೂರಕ್ಕೂ ಹೆಚ್ಚು ಕ್ಯಾಲೊರಿಯಲ್ಲಿ ಹಣ್ಣು ಅಥವಾ ಹಾಲು ಹಾಕಿದ ಚಹಾ ಸೇರಬಹುದು. ಮೊಟ್ಟೆ ತಿನ್ನದವರು 50 ಗ್ರಾಂ ಹೆಸರು ಕಾಳು ಬಳಸಿದರೆ ಹೆಚ್ಚುಕಡಿಮೆ ಅಷ್ಟೇ ಪ್ರೋಟೀನ್ ದೊರೆಯುತ್ತದೆ. ಎಣ್ಣೆಯನ್ನು ಅಳೆಯದೆ ಸುರಿದರೆ ಈ ಲೆಕ್ಕ ತಪ್ಪುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿಯೇ ನೂರಕ್ಕೂ ಹೆಚ್ಚು ಕ್ಯಾಲೊರಿ ಇರುತ್ತದೆ.

ಮಿತಿಗಳು ಮತ್ತು ಎಚ್ಚರಿಕೆ

ತೂಕ ಇಳಿದಂತೆ ದೇಹದ ಶಕ್ತಿವ್ಯಯವೂ ಇಳಿಯುವುದರಿಂದ ಗುರಿಗಳನ್ನು ಆಗಾಗ ಮರುಪರಿಶೀಲಿಸಬೇಕಾಗುತ್ತದೆ. ಒಂದೆರಡು ದಿನಗಳ ಏರಿಳಿತವು ಹೆಚ್ಚಾಗಿ ನೀರು ಮತ್ತು ಉಪ್ಪಿಗೆ ಸಂಬಂಧಿಸಿದ್ದು.

ಕ್ಯಾಲೊರಿ ಕಡಿತ ಎಲ್ಲರಿಗೂ ಅನ್ವಯಿಸುವುದಿಲ್ಲ. ಭಾರತೀಯರಲ್ಲಿ ದೇಹ ದ್ರವ್ಯರಾಶಿ ಸೂಚಿ 23 ತಲುಪಿದರೆ ಅಧಿಕ ತೂಕವೆಂದೂ 25 ತಲುಪಿದರೆ ಬೊಜ್ಜು ಎಂದೂ ಪರಿಗಣಿಸುವುದುಂಟು. 150 ಸೆಂ.ಮೀ. ಎತ್ತರ, 45 ಕಿಲೋ ತೂಕವಿರುವ ಮಹಿಳೆಯ ಸೂಚಿ 20; ಅವರು ತೂಕ ಇಳಿಸುವ ಅಗತ್ಯವಿಲ್ಲ. ಯಾದಗಿರಿಯಲ್ಲಿ ಅಪೌಷ್ಟಿಕತೆಯೂ ಗಂಭೀರ ಸಮಸ್ಯೆ: 2021ರ ಡಿಸೆಂಬರ್‌ನಲ್ಲಿ ಈ ಜಿಲ್ಲೆಯನ್ನೂ ಒಳಗೊಂಡ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದೊಂದಿಗೆ ಮೊಟ್ಟೆ ಅಥವಾ ಬಾಳೆಹಣ್ಣು ನೀಡುವುದನ್ನು ರಾಜ್ಯ ಸರ್ಕಾರ ಆರಂಭಿಸಿತು. ಹೀಗೆ ಒಂದೇ ಮನೆಯಲ್ಲಿ ತೂಕ ಇಳಿಸಬೇಕಾದವರೂ ಹೆಚ್ಚು ತಿನ್ನಬೇಕಾದವರೂ ಇರಬಹುದು. ಮಕ್ಕಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೂತ್ರಪಿಂಡದ ಕಾಯಿಲೆಯುಳ್ಳವರು ಮತ್ತು ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ವೈದ್ಯರ ಸಲಹೆಯಿಲ್ಲದೆ ಇಂಥ ಗುರಿಗಳನ್ನು ಅನುಸರಿಸಬಾರದು.